ಅಂಚು ಮಡಚಿದ ಹಳದಿ ಫ್ರಾಕು

ಅಕ್ಕಾ,

ಇವತ್ತು ಡಾಕ್ಟರು ನನ್ನ ರಿಪೋರ್ಟ್ ನೋಡಿ, ರಕ್ತದ ಕ್ಯಾನ್ಸರ್ ಅಂದರು ಕಣೇ. ನಿನ್ನ ಹಳೇ ಫ್ರಾಕುಗಳೆಲ್ಲ ನನಗೇ ಬರುತ್ತಿದ್ದವಲ್ಲ, ಇದೂ ಹಾಗೇ ಬಂತಾ ಅಂತ ಸಿಟ್ಟೇ ಬಂತು. ನಮ್ಮಕ್ಕನಿಗೂ ಚಿಕ್ಕವಳಿದ್ದಾಗ ಇದೇ ಆಗಿತ್ತು ಅಂದೆ.

"ಹೆಸರು ಒಂದೇ ಅಮ್ಮ, ಬಗೆ ಬೇರೆ. ಅವರದು ವಾರಗಳಲ್ಲೇ ಏರುವಂಥದ್ದು. ನಿಮ್ಮದು ನಿಧಾನದ್ದು, ಮಾತ್ರೆ ತಗೊಂಡು ವರ್ಷಗಟ್ಟಲೆ ಚೆನ್ನಾಗಿರಬಹುದು."

ನಿನಗೆ ಎಲ್ಲದಕ್ಕೂ ಅವಸರ. ಮೆಟ್ಟಿಲನ್ನೂ ಎರಡೆರಡು ಹಾರಿ ಹತ್ತುತ್ತಿದ್ದೆ.

ಮನೆಗೆ ಬಂದು ಅಮ್ಮನ ಟ್ರಂಕು ತೆಗೆದೆ. ನಿನ್ನ ಬಟ್ಟೆಗಳಲ್ಲಿ ನನಗೆ ಬಾರದೆ ಉಳಿದದ್ದು ಆ ಹಳದಿ ಫ್ರಾಕು ಒಂದೇ. ಅಮ್ಮ ಕೊಡಲಿಲ್ಲ, ನಾನೂ ಕೇಳಲಿಲ್ಲ. ನೀನು ಉದ್ದ ಆದಾಗ ಬಿಚ್ಚಿದರಾಯಿತು ಅಂತ ಅಮ್ಮ ಒಳಗೆ ಮಡಚಿ ಹೊಲಿದಿದ್ದ ಅಂಚು ಇನ್ನೂ ಹಾಗೇ ಇದೆ.