ಇದೆಂಥ ಹೊಸ ಆರಾಮು?

ರೀ,

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ಟ್ಯಾಂಕ್ ಖಾಲಿಯಾಗಿದೆ, ಕೆಳಗೆ ಹೋಗಿ ನೀರಿನ ಮೋಟರ್ ಹಾಕಿ.

ಇನ್ನೊಂದು ಮಾತು. ಮೂವತ್ತು ವರ್ಷ ಬಾಯಲ್ಲಿ ಗುಂಡುಸೂಜಿ ಕಚ್ಕೊಂಡೇ ಊಟಕ್ಕೆ ಬರ್ತಿದ್ದ ಟೈಲರ್ ನೀವು. ಈಗ ಹದಿನೈದು ದಿನದಿಂದ ಮಧ್ಯಾಹ್ನ ನಿದ್ದೆ, ಸಂಜೆ ಹರಟೆ. ಅರ್ಜೆಂಟ್ ಅಂತ ಬಟ್ಟೆ ತಂದವರಿಗೆ "ಅವಸರ ಯಾಕ್ರೀ, ಆರಾಮಾಗಿರೋಣ" ಅಂತ ಉಪದೇಶ ಬೇರೆ. ಯಾರು ಕಲಿಸಿದ್ರು ಇದನ್ನ?

ನಿನ್ನೆ ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತ್ರಿ. ಕೇಳಿದ್ರೆ "ಇಲ್ಲಿ ಗಾಳಿ ಚೆನ್ನಾಗಿದೆ ಕಣೇ" ಅಂದ್ರಿ. ಅಲ್ಲಿ ಒಂದು ಕಿಟಕಿನೂ ಇಲ್ಲ.

ನನಗೆ ಹೇಳದೆ ಡಾಕ್ಟರ್ ಹತ್ರ ಹೋಗಿ ಬಂದಿದ್ದೀರಿ, ಅಷ್ಟೂ ಗೊತ್ತಾಗಲ್ವಾ ನನಗೆ? ಅವರು ಕೊಟ್ಟ ಕಾಗದ ಯಾವ ಬಟ್ಟೆ ಗಂಟಲ್ಲಿ ಬಚ್ಚಿಟ್ಟಿದ್ದೀರೋ, ನಾನು ಬರೋಷ್ಟರಲ್ಲಿ ಮೇಜಿನ ಮೇಲಿರಲಿ. ನಾನೇ ಹುಡುಕಿದ್ರೆ ನೆಟ್ಟಗಿರಲ್ಲ.

ಮೋಟರ್ ಬೇಡ. ಮೆಟ್ಟಿಲು ಇಳೀಬೇಡಿ. ನಾನೇ ಬಂದು ಹಾಕ್ತೀನಿ.