ಮೂರನೇ ಟ್ಯಾಂಕಿನ ಗಾಳಿ

ಮಾರ್ಚ್ 3, ಬೆಳಿಗ್ಗೆ 7
ಮೂರನೇ ಟ್ಯಾಂಕು: ಹುಳಿ 10.6, ಆಲ್ಕೋಹಾಲ್ ಒಂದೂವರೆ, ಉಷ್ಣ 30. ಎಲ್ಲ ಸರಿ. ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಗದ್ದಲಕ್ಕೆ ಕಿವಿ ಗುಂಯ್ ಅನ್ನುತ್ತಿದೆ. ಈ ವಿನೆಗರ್ ಫ್ಯಾಕ್ಟರಿಗೆ ಬಂದು ಆರು ವರ್ಷ. ಮನೆಯಲ್ಲೂ ಕಿರುಚಿಯೇ ಮಾತಾಡುತ್ತೇನಂತೆ — ಮಗಳ ದೂರು.

ಅಕ್ಕನ ಗಂಟಿನ ರಿಪೋರ್ಟ್ ಇವತ್ತು. ಫೋನ್ ಜೇಬಿನಲ್ಲೇ ಇದೆ.

ಮಧ್ಯಾಹ್ನ 2
ಕೆಟ್ಟದ್ದಲ್ಲ! ಬರೀ ಕೊಬ್ಬಿನ ಗಂಟು. ಫೋನಿನಲ್ಲಿ ಅಕ್ಕ ಅಳುತ್ತಿದ್ದಳು, ಗದ್ದಲದಲ್ಲಿ ಒಂದಕ್ಷರ ಕೇಳಲಿಲ್ಲ. ಹೊರಗೆ ಹೋಗುವಷ್ಟು ತಾಳ್ಮೆ ಎಲ್ಲಿತ್ತು... ಎಲ್ಲರೂ ಊಟಕ್ಕೆ ಹೋಗಿದ್ದರು. ಬ್ಲೋವರ್ ಆಫ್ ಮಾಡಿದೆ, ಕೇಳಿದೆ, ಮತ್ತೆ ಆನ್. ಒಂದೂವರೆ ನಿಮಿಷ ಇರಬಹುದು.

ದೊಡ್ಡಪ್ಪನಿಗೆ ಶಿಫ್ಟ್ ಒಪ್ಪಿಸಿದೆ. ಯಾರ ದೊಡ್ಡಪ್ಪನೂ ಅಲ್ಲ, ಎಲ್ಲರೂ ಹಾಗೇ ಕರೆಯುವುದು. ಗಾಳಿಯ ವಿಷಯ ಹೇಳಲಿಲ್ಲ. ಖುಷಿಯಲ್ಲಿ ನೆನಪೇ ಆಗಲಿಲ್ಲ — ಇಲ್ಲ, ನೆನಪಾಯಿತು. ಹೇಳಲಿಲ್ಲ.

ಮಾರ್ಚ್ 4
ಹುಳಿ 10.8ಕ್ಕೇ ನಿಂತಿದೆ. ಟ್ಯಾಂಕಿನಿಂದ ಹೊರಬರುವ ಕೂಲಿಂಗ್ ಪೈಪ್ ಮುಟ್ಟಿದೆ, ತಣ್ಣಗೆ. ಆಲ್ಕೋಹಾಲ್ ತಿಂದು ಹುಳಿ ಮಾಡುವ ಬ್ಯಾಕ್ಟೀರಿಯಾ ಉಸಿರಾಡುತ್ತಿದ್ದರೆ ಬಿಸಿ ಇರಬೇಕು. ಆಲ್ಕೋಹಾಲ್ ಹಾಗೇ ಉಳಿದಿದೆ, ತಿನ್ನುವವರೇ ಇಲ್ಲ.

ಮೂಗು ಹಿಡಿದು ಒಂದು ನಿಮಿಷ ನಾವು ಇರಬಲ್ಲೆವು. ಅವಕ್ಕೆ ಆಗದು. ಹುಳಿ ಇಷ್ಟು ಏರಿದಾಗ ಗಾಳಿ ನಿಂತರೆ, ತಾವೇ ಮಾಡಿದ ಹುಳಿಯೇ ಅವನ್ನು ಕೊಲ್ಲುತ್ತದೆ. ಹೊಸಬರಿಗೆ ಈ ಪಾಠ ಹೇಳಿಕೊಡುವವಳು ನಾನೇ.

ಹನ್ನೊಂದು ವರ್ಷ ಒಂದೇ ಬ್ಯಾಕ್ಟೀರಿಯಾ ಬೀಜದಿಂದ ನಡೆದುಬಂದ ಟ್ಯಾಂಕು. ಸತ್ತದ್ದು ಗೊತ್ತಾಗಿದ್ದು ನಿನ್ನೆ ಸಂಜೆ ದೊಡ್ಡಪ್ಪನ ಶಿಫ್ಟಿನಲ್ಲಿ, ಆದ್ದರಿಂದ ತಪ್ಪೂ ಅವರದೇ ಎಂದು ಸೂಪರ್‌ವೈಸರ್ ತೀರ್ಮಾನ. ಗಾಳಿಯ ಗ್ರಾಫ್ ಬರೆಯುವ ಪೆನ್ನು ಒಣಗಿ ವಾರವಾಗಿದೆ, ನಾನು ನಿಲ್ಲಿಸಿದ್ದಕ್ಕೆ ಗುರುತೇ ಇಲ್ಲ. ನಾನು ತುಟಿ ಬಿಚ್ಚಲಿಲ್ಲ.

ಮಾರ್ಚ್ 7
ದೊಡ್ಡಪ್ಪನನ್ನು ಲೇಬಲ್ ಸೆಕ್ಷನ್ನಿಗೆ ಹಾಕಿದರು. ಊಟದ ಹೊತ್ತಿನಲ್ಲಿ ಹೋಗಿ ಹೇಳಿಬಿಟ್ಟೆ. ಅಂಟು ಹಚ್ಚುತ್ತಲೇ ಕೇಳಿಸಿಕೊಂಡರು. ಅಕ್ಕ ಹೇಗಿದ್ದಾಳೆ ಎಂದು ಮೊದಲು ವಿಚಾರಿಸಿದರು. ಆಮೇಲೆ —

"ನಂಗೆ ರಿಟೈರಾಗೋಕೆ ಇನ್ನು ಎರಡೇ ತಿಂಗಳು. ನಿಂಗೆ ಇನ್ನೂ ಇಪ್ಪತ್ತು ವರ್ಷ ಇದೆ. ಬಾಯ್ಮುಚ್ಕೊಂಡಿರು."

ಸರಿ ಅಂದೆ. ಎಷ್ಟು ಸಲೀಸಾಗಿ ಅಂದೆ! ನನ್ನ ಮೇಲೆ ನನಗೇ ಅಸಹ್ಯ.

ಮಾರ್ಚ್ 10, ಬೆಳಿಗ್ಗೆ 8.10
ಎರಡನೇ ಟ್ಯಾಂಕಿನಿಂದ ಬೀಜ ತಂದು ಮೂರಕ್ಕೆ ಹಾಕಿದೆವು. ದೊಡ್ಡಪ್ಪ ನೋಡಲು ಬಂದರು. ಟ್ಯಾಂಕಿನವರಿಗೆ ಮಾತ್ರ ಪ್ರವೇಶ ಎಂಬ ಬೋರ್ಡಿನ ಹತ್ತಿರವೇ ನಿಂತರು. ಅಲ್ಲಿಂದಲೇ ಪೈಪ್ ಬಿಸಿ ಇದೆಯಾ ಎಂದು ಸನ್ನೆಯಲ್ಲಿ ಕೇಳಿದರು. ತಡೆಯಲಾಗಲಿಲ್ಲ.

ಈಗ ಸೂಪರ್‌ವೈಸರ್ ರೂಮಿನ ಹೊರಗೆ ಬೆಂಚಿನ ಮೇಲಿದ್ದೇನೆ. ಫಾರಂ ತುಂಬಿಯಾಯಿತು. ಗಾಳಿ ನಿಲ್ಲಿಸಿದವರು: ನಾನು. ಎಷ್ಟು ಹೊತ್ತು: ಒಂದೂವರೆ ನಿಮಿಷ. ವರಾಂಡದ ಆ ತುದಿಯಿಂದ ದೊಡ್ಡಪ್ಪ ಬರುತ್ತಿದ್ದಾರೆ, ಬೇಡ ಬೇಡ ಎಂದು ಕೈಯಾಡಿಸುತ್ತ. ಮಂಡಿನೋವಿದ್ದರೂ ಓಡುತ್ತಿದ್ದಾರೆ. ಒಳಗಿಂದ ಕರೆದರು. ಅವರು ತಲುಪುವ ಮೊದಲೇ ನಾನು ಒಳಗೆ —