ಕುಂಕುಮ ಹಚ್ಚಿದ ಕೈ

ತಂಬೂರ
೧೨ ಫೆಬ್ರವರಿ ೨೦೨೫

ಅವ್ವಾ,

ನಿನ್ನ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ಈ ವಾರ ನಮ್ಮೂರಲ್ಲಿ ಬಿದ್ದವರ ಪೈಕಿ ನಾನು ಎರಡನೆಯವಳು. ಮೊದಲು ಬಿದ್ದದ್ದು ಹಲೀಮಾಬಿ ಚಾಚಿಯ ಹಿತ್ತಲ ಹುಣಸೆಮರ.

ಫೋನ್ ಯಾಕೆ ಮಾಡಲಿಲ್ಲ ಅನ್ನಬೇಡ. ಫೋನಿನಲ್ಲಿ ನೀನು ಅರ್ಧ ಕೇಳಿ ಪೂರ್ತಿ ಬೈಯುತ್ತೀ. ಪತ್ರಕ್ಕೆ ಎಷ್ಟು ಬೈದರೂ ಅದು ತಿರುಗಿ ಮಾತಾಡುವುದಿಲ್ಲ. ನನ್ನ ಹಾಗಲ್ಲ.

ಅಕ್ಕನ ಬಾಣಂತನಕ್ಕೆ ಶಲವಡಿಗೆ ಹೊರಟಾಗ ನೀನು ನನ್ನಿಂದ ಆಣೆ ಮಾಡಿಸಿಕೊಂಡೆ. ನವಲಗುಂದದವರು ಬಂದು ಹೆಣ್ಣು ನೋಡಿ ಹೋಗುವತನಕ ಅಪ್ಪನ ಮರ ಕಡಿಯುವ ಕೆಲಸದಲ್ಲಿ ಹಗ್ಗ ಹಿಡಿ, ಚಹಾ ಕಾಸು, ಗರಗಸ ಮಾತ್ರ ಮುಟ್ಟಬೇಡ ಅಂದೆ. ನಾನು ಮುಟ್ಟಲಿಲ್ಲ. ಮೊದಲ ಒಂದು ತಾಸು.

ಮರ ಒಣಗಿ ಚಾಚಿಯ ಹಂಚಿನ ಮನೆಯ ಕಡೆಗೇ ವಾಲಿತ್ತು. ಕಡಿಯಲು ಪರವಾನಿಗೆ ಬಂದಿತ್ತು. ಅಪ್ಪನ ಬಲಭುಜ ಮೇಲೇಳುತ್ತಿರಲಿಲ್ಲ. ಅದನ್ನು ನಿನಗೆ ತಿಳಿಸಬಾರದು ಅಂದಿದ್ದಾನೆ, ಆದ್ದರಿಂದ ತಿಳಿಸುತ್ತಿಲ್ಲ. ಕಡಿಯುವ ಮುಂಚೆ ಮರಕ್ಕೆ ಕುಂಕುಮ ಹಚ್ಚಿ ಕೈಮುಗಿಯಬೇಕಲ್ಲ, ಆತ ಬಟ್ಟಲು ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದ. ಬಿಸಿಲೇರುತ್ತಿತ್ತು. ನಾನೇ ಬೆರಳದ್ದಿ ಹಚ್ಚಿಬಿಟ್ಟೆ.

ಹಗ್ಗ ಎಳೆಯಲು ಟ್ರ್ಯಾಕ್ಟರ್ ತಂದಿದ್ದ ಮಲಿಕಸಾಬ ಕಾಕಾ ಅದರ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. "ಏ ಅಂದಾನೆಪ್ಪ, ಕುಂಕುಮ ಹಚ್ಚಿದ ಕೈನ ಮರಾ ಕಡೀಬೇಕು. ಮೂವತ್ತ ವರ್ಷ ನೀನ ಹೇಳಿದ್ದು. ಕೈ ಬದಲಾದ್ರ ನಾ ಹಗ್ಗ ಎಳಿಯಾಂಗಿಲ್ಲ."

"ಹುಡುಗಿ ತಿಳೀದ ಹಚ್ಯಾಳೋ" ಅಂದ ಅಪ್ಪ.

"ಅದು ಮರಕ್ಕೇನ ಗೊತ್ತು?" ಅಂದರು ಕಾಕಾ.

ಚಾಚಿ ಬಾಗಿಲಲ್ಲಿ ನಿಂತು, "ಯಾರರ ಕಡೀರಿ, ನನ್ನ ಹಂಚ ಒಡೀಬ್ಯಾಡ್ರಿ!" ಅಂತ ಕೂಗಿದರು. ಕೊನೆಗೆ ಮಷಿನ್ ಗರಗಸ ನಾನೇ ಎತ್ತಿಕೊಂಡೆ.

ಅವ್ವಾ, ಮಗಳು ಬ್ಯಾಂಕಿನ ಶಾಖೆಯಲ್ಲಿ ಕೂಡಬೇಕು ಅಂತ ನೀನು ಅನ್ನುತ್ತಿದ್ದೆ. ಶಾಖೆಯ ಮೇಲೆ ಕೂತೆ, ಬ್ಯಾಂಕೊಂದು ಇರಲಿಲ್ಲ. ಮನೆಯ ಕಡೆಗಿದ್ದ ಮೂರು ಟೊಂಗೆ ಇಳಿಸಿ, ಮರದ ನೆತ್ತಿಗೆ ಹಗ್ಗ ಬಿಗಿದೆ. ಕಾಲೇಜಿನಲ್ಲಿ ಮೂರು ವರ್ಷ ಕೊರೆತ ಕೇಳಿದವಳಿಗೆ ಕೊರೆಯುವುದು ಏನು ಮಹಾ!

ತಮಾಷೆ ಅಲ್ಲಿಗೇ ಮುಗಿಯಿತು. ಬುಡದಲ್ಲಿ ಕೂತೆ. ಬೀಳಬೇಕಾದ ಕಡೆ ಕಚ್ಚು ಹಾಕಿದೆ, ಹಿಂದಿನಿಂದ ಕೊಯ್ಯುತ್ತ ಬಂದೆ, ಬೆಣೆ ಬಡಿದೆ. ನಡುವೆ ಕೊಯ್ಯದೆ ಒಂದು ಗೇಣು ಉಳಿದಿತ್ತು. "ಇನ್ನೊಂದಿಷ್ಟು ಕೊಯ್ಯವ್ವ" ಅಂದ ಅಪ್ಪ. ಆದರೆ ಗರಗಸದಿಂದ ಹೊಟ್ಟು ಹಿಟ್ಟಿನ ಹಾಗೆ ಬರತೊಡಗಿತ್ತು, ಮುಗ್ಗಲು ವಾಸನೆ. ಒಳಗೆ ಪೊಳ್ಳು! ಇನ್ನೆರಡು ಬೆರಳು ಕೊಯ್ದಿದ್ದರೆ ಮರ ತಾನೇ ಮುರಿದು ಚಾಚಿಯ ಒಲೆಯ ಮೇಲೆ ಕೂಡುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ, ಕೆಲಸದಲ್ಲಿ ಅಪ್ಪನ ಮಾತು ಮೀರಿದೆ. ಗರಗಸ ನಿಲ್ಲಿಸಿ, ಹಿಂದೆ ಸರಿದು ಕೈ ಎತ್ತಿದೆ. ಕಾಕಾ ಎಳೆದರು.

ಮರ ಒಂದು ಸಲ ನರಳಿತು, ಮನೆಯ ಕಡೆ ಬೆನ್ನು ತಿರುಗಿಸಿತು, ಬಯಲಿಗೆ ಬಿತ್ತು. ಒಂದು ಹಂಚೂ ಅಲುಗಲಿಲ್ಲ. ಚಾಚಿ ಏಣಿ ಹಾಕಿಸಿ ನೋಡಿದರು, ನಂಬಿಕೆ ನೋಡು!

ಅಪ್ಪ ಬುಡದ ಪೊಳ್ಳಿನೊಳಗೆ ಎಡಗೈ ಇಳಿಸಿದ. ಮೊಣಕೈವರೆಗೆ ಹೋಯಿತು. ಹೊಟ್ಟು ಕೊಡವಿಕೊಂಡು ಎದ್ದ. ಆಮೇಲೆ ನನಗಲ್ಲ, ಕಾಕಾಗೆ ಹೇಳಿದ: "ನಾಳಿ ದುಮ್ಮವಾಡದಾಗಿನ ಮರಕ್ಕ ಕುಂಕುಮದ ಬಟ್ಲ ಅಕೀ ಕೈಯಾಗ ಕೊಡು."

ಬಿ.ಎ. ಪ್ರಮಾಣಪತ್ರ ಕೈಗೆ ಬಂದ ದಿನವೂ ನಾನು ಇಷ್ಟು ಎತ್ತರ ನಿಂತಿರಲಿಲ್ಲ, ಅವ್ವಾ.

ಭಾನುವಾರ ನವಲಗುಂದದವರು ಬರುತ್ತಾರೆ. ಹುಡುಗಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ ಎಂದು ಹೇಳುತ್ತೇನೆ ಅಂತ ನೀನು ಅಂದಿದ್ದೆ. ಬೇಡ. ಮರ ಕಡಿಯುತ್ತಾಳೆ ಅನ್ನು. ಅವರು ಎದ್ದು ಹೋದರೆ ಉಪ್ಪಿಟ್ಟು ನಾವೇ ತಿನ್ನೋಣ. ನೀನು ಮಾತ್ರ ಎದ್ದು ಹೋಗಬೇಡ.

ಉಳಿದ ಎಲ್ಲದಕ್ಕೂ ರಾಜಿಯಾಗುವ, ಇದೊಂದಕ್ಕೆ ಆಗದ,
ನಿನ್ನ ರಾಜೇಶ್ವರಿ

ತಾ.ಕ.: ಸಂಜೆ ದಿಮ್ಮಿಯ ಮೇಲೆ ಕೂತು ಚಹಾ ಕುಡಿಯುತ್ತ ಕಾಕಾ ನಿನ್ನ ಹೆಸರು ತೆಗೆದು, "ಇಕೀ ಬುಡದಾಗ ಕುಂದ್ರೂದು ಅಗದಿ ದುರಗವ್ವ ಕುಂತಾಂಗ" ಅಂದುಬಿಟ್ಟರು. ಅಪ್ಪ ಸುಳ್ಳೇ ಕೆಮ್ಮಿದ. ನಾನು ಬಿಡಲಿಲ್ಲ. ಮಷಿನ್ ಬರುವ ಮುಂಚೆ ಎರಡು ಹಿಡಿಯ ಗರಗಸದ ಆ ತುದಿಯಲ್ಲಿ ನೀನೇ ಇದ್ದೆಯಂತೆ, ನಾನು ನಿನ್ನ ಹೊಟ್ಟೆಯಲ್ಲಿ ಏಳು ತಿಂಗಳಾಗುವತನಕ. ಇಷ್ಟು ವರ್ಷ ನಮಗೆ ಯಾಕೆ ಹೇಳಲಿಲ್ಲ? ಹುಡುಗಿಯ ಅವ್ವ ಏನು ಮಾಡುತ್ತಿದ್ದಳು ಎಂದು ಭಾನುವಾರ ಅವರು ಕೇಳಲಿ. ಅದನ್ನು ನಾನು ಹೇಳುತ್ತೇನೆ.